ದಸ್ತಗೀರನ ಗಾದಿ ಮತ್ತು ಹೈದರಾಬಾದಿನ ಬಂಡವಾಳ

ತಾನು ಹೊಲಿದ ಹತ್ತಿಗಾದಿಯ ಬಗ್ಗೆ ನಾಲ್ಕು ಮಾತು ಹೇಳಲೆಂದು ಅದರ ಮೇಲೆ ಮಲಗಿದ ಮಾನ್ವಿಯ ಗುಲಾಮ್ ದಸ್ತಗೀರ್ ಎರಡನೆಯ ಮಾತಿಗೇ ಗೊರಕೆ ಹೊಡೆದ. ಮಗಳು ಆತಿಯಾ ಆ ವಿಡಿಯೊವನ್ನು ಹಾಗೇ ಫೋನಿನಲ್ಲಿ ಹರಿಬಿಟ್ಟಳು. ವಾರದೊಳಗೆ ಹೈದರಾಬಾದಿನಿಂದ ಕರೆ ಬಂತು. ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವ, ರಾಯಚೂರಿನಲ್ಲೇ ಬೆಳೆದ ಮುಕರ್ರಂ ಸಾಹೇಬರು ಗಾದಿ ನೋಡಲು ಬರುತ್ತಾರಂತೆ.

"ಬಡ್ಡಿ ಎಷ್ಟಂತ?" ಪಕ್ಕದ ಹಿಟ್ಟಿನ ಗಿರಣಿಯ ಹನುಮಂತ್ರಾಯ ಓಡಿಬಂದ.

"ಇದು ಸಾಲ ಅಲ್ಲ ಕಾಕಾ, ವೆಂಚರ್ ಕ್ಯಾಪಿಟಲ್," ಎಂದಳು ಆತಿಯಾ. "ರೊಕ್ಕ ಹಾಕ್ತಾರ, ಧಂದೆದಾಗ ಪಾಲು ತಗೋತಾರ. ಬೆಳೆದ್ರ ಇಬ್ಬರಿಗೂ ಲಾಭ. ಮುಳುಗಿದ್ರ ಅವರ ರೊಕ್ಕಾನೂ ಮುಳುಗ್ತದ."

"ಮುಳುಗಿದ್ರೂ ವಾಪಸ್ ಕೇಳಂಗಿಲ್ಲ? ಎಂಥಾ ದೊಡ್ಡ ಮನುಷ್ಯಾರಪಾ!"

ಇಪ್ಪತ್ತು ವರ್ಷ ಕೈಯಿಂದಲೇ ಹತ್ತಿ ಹಿಂಜಿ ಕೆಮ್ಮು ಹತ್ತಿಸಿಕೊಂಡಿದ್ದ ದಸ್ತಗೀರನಿಗೆ ಹಿಂಜುವ ಯಂತ್ರ ಬೇಕಿತ್ತು. ಅವನು ಅಂದಿನಿಂದ ನೆಲದ ಮೇಲೆ ನಡೆಯಲೇ ಇಲ್ಲ, ಅರಳೆಯಂತೆ ತೇಲಿದ.

ಸಾಹೇಬರು ಬೆಳಿಗ್ಗೆ ಹತ್ತಕ್ಕೆ ಬಂದರು. ಕೈಯಲ್ಲಿ ಎರಡು ಫೋನು, ಕಣ್ಣು ಕೆಂಪು ಮೆಣಸಿನಕಾಯಿ. "ಐದು ನಿಮಿಷ ಮಲಗಿ ನೋಡ್ತೀನ್ರಿ," ಎಂದವರು ತಲೆ ಊರುವ ಮೊದಲೇ ನಿದ್ದೆಹೋದರು.

ಹನ್ನೊಂದಾಯಿತು, ಹನ್ನೆರಡಾಯಿತು. ಫೋನುಗಳು ಅರಚತೊಡಗಿದವು. ದಸ್ತಗೀರನ ಹೆಂಡತಿ ಮುನ್ನೀ ಬೀ ಅವನ್ನು ಒಯ್ದು ಜೋಳದ ಚೀಲದಲ್ಲಿ ಹೂತಳು. ಹನುಮಂತ್ರಾಯ ಗಿರಣಿ ನಿಲ್ಲಿಸಿದ.

"ಹಿಟ್ಟಿಲ್ದ ರೊಟ್ಟಿ ಹೆಂಗ ಬಡೀಲೋ?" ಜೋಳ ಬೀಸಿಸಲು ಬುಟ್ಟಿ ಹೊತ್ತು ಬಂದ ಭೀಮವ್ವ ಗದರಿದಳು.

"ಮೆತ್ತಗ ಬೈಯವ್ವಾ, ಬಂಡವಾಳ ಮಲಗ್ಯದ!"

ಕರೆಂಟು ಹೋಯಿತು. ದಸ್ತಗೀರ್ ಬೀಸಣಿಗೆ ಹಿಡಿದು ಕೂತ. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಮೆಲ್ಲಗೆ ಇಳಿಯುತ್ತಿದ್ದವು. ಅವನಿಗೆ ಅದರೊಳಗೆ ರಾಯಚೂರಿನ ಅಂಗಡಿ ಕಂಡಿತು, ದೇವದುರ್ಗದ ಅಂಗಡಿ ಕಂಡಿತು. ಯಂತ್ರವೊಂದು ಮೋಡಗಳನ್ನೇ ಹಿಂಜಿ ಹಿಂಜಿ ಊರಿನ ಮೇಲೆ ಹಾಸುತ್ತಿತ್ತು, ಅವನು ಕೆಮ್ಮದೆ ನೋಡುತ್ತಿದ್ದ.

ಸಾಹೇಬರು ಎದ್ದಾಗ ಸಂಜೆ ಐದು. ಕಣ್ಣಲ್ಲಿ ನೀರು.

"ಎಂಟು ವರ್ಷದಾಗ ಇವತ್ತೇ ನಿದ್ದಿ ಬಂತ್ರಿ. ನಲವತ್ತು ಕಂಪನಿಗೆ ರೊಕ್ಕ ಹಾಕೀನಿ. ಯಾವುದು ಮುಳುಗ್ತದೋ ಅಂತ ಕಣ್ಣೇ ಮುಚ್ತಿರಲಿಲ್ಲ." ಮುನ್ನೀ ಬೀ ತಂದುಕೊಟ್ಟ ಫೋನಿನ ಜೋಳ ಕೊಡವಿ ಆಫೀಸಿಗೆ ಒಂದೇ ಮಾತು ಹೇಳಿದರು: "ನಾ ಕೆಲಸ ಬಿಟ್ಟೆ."

ದಸ್ತಗೀರನ ಬೀಸಣಿಗೆ ನಿಂತಿತು. "ಹಂಗಾರ ನಮ್ಮ ಬಂಡವಾಳ?"

"ಆ ಧಂದೆ ಮುಗೀತ್ರಿ. ಇನ್ನ ಯಾರಿಗೂ ಹಾಕಂಗಿಲ್ಲ." ಸಾಹೇಬರು ಬೂಟು ಕಳಚಿ, ಅಂಗಿಯ ತೋಳು ಮಡಚಿ, ಅವನೆದುರು ಚಕ್ಕಳಮಕ್ಕಳ ಹಾಕಿ ಕುಳಿತರು.

"ನನಗ ಗಾದಿ ಹೊಲಿಯೋದು ಕಲಿಸ್ರಿ ಉಸ್ತಾದ್. ಪಗಾರ ಎಷ್ಟು ಕೊಡ್ತೀರಿ?"