ಬಾಯಿ ಮುಚ್ಚಿದ ರೇಡಿಯೋ

ಆ ದಿನದ ಫಜೀತಿಗೆಲ್ಲ ಮೂಲ, ಏಜೆಂಟಮ್ಮ ಬೆಳಗ್ಗೆ ಅಂಗಡಿಯ ಹೊಸ್ತಿಲಲ್ಲಿ ನಿಂತು ಹೇಳಿಹೋದ ಒಂದು ಮಾತು.

"ನಾಳೆವರೆಗೂ ಮನೆ ವಿಷಯ ಯಾರ ಹತ್ರಾನೂ ಎತ್ತಬೇಡಿ. ನಿಮ್ಮ ಪರವಾಗಿ ಮಾತಾಡೋಕೆ ನಾನಿದ್ದೀನಲ್ಲ."

"ಆಯ್ತಮ್ಮಾ," ಎಂದ ಕ್ಷೌರಿಕ. ಅಂದಮೇಲೆ ಅವನಿಗೇ ಗಾಬರಿಯಾಯಿತು. ಬೀದಿಯವರು ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವನ ಸಂಸಾರ. ಒಲೆಯ ಹೊಗೆಗೆ ಹೊರಹೋಗಲು ದಾರಿಯಿಲ್ಲದೆ ಅದು ಹೆಂಡತಿಯ ಎದೆಯೊಳಗೇ ಮನೆ ಮಾಡಿತ್ತು. ಅವಳು ಒಳಗೆ ಕೆಮ್ಮಿದರೆ ಹೊರಗೆ ಕುರ್ಚಿಯಲ್ಲಿ ಕೂತ ಗಿರಾಕಿ ಬೆಚ್ಚಿಬೀಳುತ್ತಿದ್ದ. ಹೊಲದ ಅಂಚಿನ ಬೀದಿಯಲ್ಲಿ ಮಾರಾಟಕ್ಕಿದ್ದ ಹಂಚಿನ ಮನೆಯ ಅಡುಗೆಕೋಣೆಗೆ ದೊಡ್ಡದೊಂದು ಕಿಟಕಿಯಿತ್ತು. ಮನೆ ನೋಡಲು ಹೋದಾಗ ಅವಳು ಆ ಕಿಟಕಿಯ ಸರಳು ಹಿಡಿದು ಸುಮ್ಮನೆ ಉಸಿರಾಡುತ್ತ ನಿಂತುಬಿಟ್ಟಿದ್ದಳು. ಅದನ್ನು ಕಂಡು ಅವನ ಗಂಟಲು ಕಟ್ಟಿತ್ತು.

ಕಟ್ಟಿದ್ದು ಮರುದಿನದವರೆಗೆ ಮಾತ್ರ. ಗಡ್ಡಕ್ಕೆ ಬಂದ ಬ್ರೋಕರನ ಕೆನ್ನೆಗೆ ನೊರೆ ಹಚ್ಚುತ್ತ, ಹೆಂಡತಿಗೆ ಕಿಟಕಿ ಹಿಡಿಸಿದ್ದು, ಬೇರೆ ಮನೆ ನೋಡುವ ಮನಸ್ಸೇ ಇಲ್ಲದ್ದು, ಎಲ್ಲವನ್ನೂ ಒದರಿಬಿಟ್ಟ. ದಿನಾ ಬರುವ ಗಿರಾಕಿ, ನಮ್ಮವನೇ ಎಂದು ಅವನ ಭಾವನೆ. ಸಂಜೆಯೊಳಗೆ ಮನೆಯ ಬೆಲೆ ಏರಿತ್ತು.

"ಆತ ಮಾರೋರ ಕಡೆಯೋನು ಕಣ್ರೀ. ಕೊಳ್ಳೋರ ಕಡೆಗೇ ಅಂತ ಒಬ್ರು ಬೇಡ್ವಾ ನಮಗೆ?" ಎಂದು ಹೆಂಡತಿಯೇ ಹೋಗಿ ಏಜೆಂಟಮ್ಮನನ್ನು ಕರೆತಂದಳು. ಆಕೆಗೆ ಮಾತು ಕಮ್ಮಿ. ಗೋಡೆಗಳನ್ನು ತಟ್ಟಿ ಕಿವಿಗೊಟ್ಟಳು, ಅಟ್ಟ ಹತ್ತಿ ತೊಲೆಗಳನ್ನು ಚುಚ್ಚಿದಳು, ಬಾವಿಗೆ ಬಗ್ಗಿದಳು. "ಮನೆ ಚಿನ್ನ. ಆದ್ರೆ ಆ ಮಾತು ನಿಮ್ಮ ಬಾಯಿಂದ ಬರಬಾರ್ದು," ಎಂದಳು.

ಏಜೆಂಟಮ್ಮನಿಗೆ ಮಾತು ಕೊಟ್ಟ ಆ ಬೆಳಗ್ಗೆ, ಮನೆಯ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡೋಣವೆಂದರೆ, ಅವನ ಯಾವ ಮಾತೂ ಸಂಜೆಯ ದನದಂತೆ ಕೊನೆಗೆ ಮನೆಗೇ ಬಂದು ಸೇರುತ್ತಿತ್ತು. ಮೋಡದ ಮಾತೆತ್ತಿದರೆ ಹಂಚು, ತರಕಾರಿಯ ಮಾತೆತ್ತಿದರೆ ಅಡುಗೆಕೋಣೆ. ಬೇರೆ ದಾರಿ ಕಾಣದೆ ಬಾಯನ್ನೇ ಪೂರ್ತಿ ಮುಚ್ಚಿಬಿಟ್ಟ.

"ಏನು ರೇಡಿಯೋ, ಕರೆಂಟಿಲ್ವಾ?" ಎಂದ ಮೊದಲ ಗಿರಾಕಿ, ಪಕ್ಕದ ಚಹಾದಂಗಡಿಯವನು.

ಕತ್ತರಿ ಮಾತ್ರ ಚಕಚಕ ಎಂದಿತು.

"ಹಲ್ಲು ಕೀಳಿಸ್ಕೊಂಡ್ಯಾ? ... ಅಯ್ಯೋ, ಯಾರಾದ್ರೂ ಹೋಗ್ಬಿಟ್ರಾ?"

ಕ್ಷೌರಿಕ ತಡೆಯಲಾರದೆ ಸೂರಿನ ಕಡೆ ಕಣ್ಣೆತ್ತಿದ. ಚಹಾದವನು ಅದನ್ನೇ ಉತ್ತರವೆಂದುಕೊಂಡು ಮುಖ ಸಪ್ಪಗೆ ಮಾಡಿ ಎದ್ದುಹೋದ. ಸ್ವಲ್ಪ ಹೊತ್ತಿಗೆ ಒಂದು ಲೋಟ ಚಹಾ ಬಂತು. ದುಃಖದ ಮನೆಯೆಂದು ಸಕ್ಕರೆ ಹಾಕಿರಲಿಲ್ಲ.

ಆಮೇಲೆ ಬಂದವರು ನಿವೃತ್ತ ಮೇಷ್ಟ್ರು. ಕನ್ನಡಿಯಲ್ಲಿ ಅವನ ಮುಖವನ್ನೇ ದಿಟ್ಟಿಸಿ, "ಸತ್ತಿರೋದು ಯಾರೂ ಅಲ್ಲ. ಆ ಮನೆ ನೋಡಿ ಬಂದ್ಮೇಲೇ ಇವನು ಹೀಗಾಗಿರೋದು. ಅಲ್ಲೇನೋ ಇದೆ," ಎಂದು ಬೆಂಚಿನಲ್ಲಿ ಕಾದು ಕೂತವರಿಗೆ ತೀರ್ಪು ಕೊಟ್ಟರು. ಅಷ್ಟು ಸಾಕಾಯಿತು. ಮಧ್ಯಾಹ್ನಕ್ಕೆ ಊರವರ ಬಾಯಲ್ಲಿ ಆ ಮನೆಯ ಗೋಡೆ ಬಿರುಕುಬಿಟ್ಟಿತು. ಊಟದ ಹೊತ್ತಿಗೆ ಬಾವಿ ಕುಸಿಯಿತು. ಬಿಸಿಲು ಇಳಿಯುವಷ್ಟರಲ್ಲಿ ಅಟ್ಟದ ಮೇಲೆ ಯಾರೋ ಹೆಂಗಸು ಅಳತೊಡಗಿದಳು.

ಬ್ರೋಕರ್ ಓಡೋಡಿ ಬಂದ. ಬೆಳಗ್ಗೆಯೇ ಗಡ್ಡ ಹೆರೆಸಿಕೊಂಡಿದ್ದವನು ಮತ್ತೆ ಕುರ್ಚಿಯಲ್ಲಿ ಕೂತು, "ಏನಣ್ಣಾ, ಮನೆ ಬೇಡ್ವಾ? ಯಾರೋ ಏನೋ ಅಂತಾರೆ. ನೀನೊಂದು ಮಾತು ಹೇಳ್ಬಿಡು," ಎಂದು ಗೋಗರೆದ. ಇಲ್ಲದ ಗಡ್ಡಕ್ಕೆ ನೊರೆ ಹಚ್ಚುತ್ತ ಕ್ಷೌರಿಕ ಒಂದು ನಿಟ್ಟುಸಿರು ಬಿಟ್ಟ. ಮಾತು ಅದುಮಿಟ್ಟು ಹೊಟ್ಟೆ ಉಬ್ಬರಿಸಿದ್ದರ ನಿಟ್ಟುಸಿರು ಅದು. ಬ್ರೋಕರ್ ನೊರೆ ಒರೆಸಿಕೊಳ್ಳದೆ ಎದ್ದು ಹೊರಟುಹೋದ.

ಸಂಜೆ ಏಜೆಂಟಮ್ಮ ಬಂದಳು. ಮೊದಲ ಬಾರಿಗೆ ಆಕೆಯ ಮುಖದಲ್ಲಿ ನಗು.

"ಏನ್ ಮಾಡಿದ್ರೋ ಕಾಣೆ. ಬೆಲೆ ಬಿದ್ದುಹೋಗಿದೆ. ನಾವು ಹೇಳಿದ್ದಕ್ಕೇ ಒಪ್ಪಿದ್ದಾರೆ. ಬೆಳಗ್ಗೆ ಮುಂಗಡ ಕೊಟ್ರೆ ಆಯ್ತು. ಇದೊಂದು ಸಂಜೆ ತಡ್ಕೊಳ್ಳಿ."

ಒಳಗಿನಿಂದ ಎಲ್ಲ ಕೇಳಿಸಿಕೊಂಡ ಹೆಂಡತಿ ಪಾತ್ರೆಗಳನ್ನು ಒಂದೊಂದಾಗಿ ಬುಟ್ಟಿಗೆ ಜೋಡಿಸುವ ಸದ್ದು ಕೇಳಿತು.

ಬಾಗಿಲು ಎಳೆಯುವ ಹೊತ್ತಿಗೆ ಅಪರಿಚಿತನೊಬ್ಬ ಬಂದ. ಕೈಯಲ್ಲಿ ಚೀಲ, ಮುಖದ ತುಂಬ ಪ್ರಯಾಣದ ಧೂಳು. "ಗಡ್ಡ ಒಂದು ಮಾಡ್ಬಿಡಿ. ಈ ಊರಿಗೆ ಹೊಸಬ. ಒಬ್ರೂ ಗೊತ್ತಿಲ್ಲ."

ಒಬ್ಬರೂ ಗೊತ್ತಿಲ್ಲ! ಕ್ಷೌರಿಕನ ಎದೆಯಲ್ಲಿ ಬೆಳಗಿನಿಂದ ಕಟ್ಟಿದ್ದ ಕೆರೆಗೆ ತೂಬು ಸಿಕ್ಕಿತು. ಬಲಗೆನ್ನೆ ಮುಗಿಯುವಷ್ಟರಲ್ಲಿ ಮನೆಯ ಜಗಲಿ, ಅಡುಗೆಕೋಣೆ, ಕಿಟಕಿ ಮುಗಿದವು. ಎಡಗೆನ್ನೆಗೆ ಅಟ್ಟ, ತೊಲೆ, ಬಾವಿ.

"ಗೋಡೆ ಬಿರುಕು ಅಂತ ಬಸ್‌ಸ್ಟ್ಯಾಂಡಲ್ಲಿ ಯಾರೋ ಅಂತಿದ್ರು?" ಎಂದ ಅಪರಿಚಿತ, ಕಣ್ಣು ಮುಚ್ಚಿಕೊಂಡೇ.

"ಸುಳ್ಳು ಸ್ವಾಮಿ! ಕಲ್ಲಿನಂಥ ಗೋಡೆ. ನಮ್ಮ ಏಜೆಂಟಮ್ಮ ತಟ್ಟಿ ತಟ್ಟಿ ನೋಡಿದಾರೆ. ಊರೋರು ಆಡ್ಕೊಂಡಿದ್ದಕ್ಕೇ ಬೆಲೆ ಬಿದ್ದಿರೋದು."

"ಪಾಪ. ಯಾವ ಬೀದಿ ಅಂದ್ರಿ?"

ಸಂತೋಷಕ್ಕೆ ಕ್ಷೌರಿಕ ಅವನ ತಲೆಗೆ ಎಣ್ಣೆ ಹಾಕಿ ತಟ್ಟಿದ. ಅದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ.

ಬೆಳಗ್ಗೆ ಏಜೆಂಟಮ್ಮ ಬಂದಾಗ ಬುಟ್ಟಿ ಬಾಗಿಲ ಬಳಿಯೇ ಇತ್ತು. ಆಕೆ ಅದನ್ನು ದಾಟಿ ಒಳಗೆ ಬಂದಳು.

"ಮನೆ ನಿನ್ನೆ ರಾತ್ರೀನೇ ಹೋಯ್ತು. ಯಾರೋ ಹೊರಗಿನೋರು, ನಿನ್ನೇನೇ ಊರಿಗೆ ಬಂದೋರು. ನಮಗಿಂತ ಚೂರು ಹೆಚ್ಚು ಕೊಟ್ಟು, ಮುಂಗಡ ಕೈಗಿಟ್ಟು ಮುಗಿಸಿಬಿಟ್ರು."

ಒಳಗೆ ಕೆಮ್ಮು ಶುರುವಾಯಿತು. ಕ್ಷೌರಿಕ ಬುಟ್ಟಿಯನ್ನು ಒಳಕ್ಕೆ ಸರಿಸುತ್ತ ಕೇಳಿದ.

"ಬಂದ ದಿನಾನೇ ಕಣ್ಣು ಮುಚ್ಕೊಂಡು ಕೊಂಡ್ರಾ? ಅವ್ರ ಕಡೆಗೂ ಏಜೆಂಟ್ ಇದ್ರಾ?"

"ನಾನೂ ಅದನ್ನೇ ಕೇಳ್ದೆ. ಇದ್ರಂತೆ. ಬಹಳ ಒಳ್ಳೆಯೋರಂತೆ," ಎಂದಳು ಏಜೆಂಟಮ್ಮ, ಗೂಡಿನಲ್ಲಿದ್ದ ಎಣ್ಣೆಯ ಬಾಟಲಿಯನ್ನೇ ನೋಡುತ್ತ. "ಮನೆಯ ಒಳಗು ಹೊರಗು ಎಲ್ಲಾ ಬಿಡಿಸಿ ಹೇಳಿ, ಕೊನೆಗೆ ತಲೆಗೆ ಎಣ್ಣೆ ಹಾಕಿ ತಟ್ಟಿ ಕಳಿಸಿದ್ರಂತೆ."