ಮೂರು ಇಂಚಿನ ಗುಟ್ಟನ್ನು ಬಯಲು ಮಾಡಿದ ಕೌದಿ ಯಂತ್ರಕ್ಕೆ

ನಮ್ಮ ಮುಂಗೋಣೆಯನ್ನು ಗೋಡೆಯಿಂದ ಗೋಡೆಗೆ ಅಲಂಕರಿಸಿರುವ, ಹನ್ನೆರಡಡಿ ಮೈಕಟ್ಟಿನ, ಉದ್ದತೋಳಿನ ಕೌದಿ ಯಂತ್ರ ಮಹಾಶಯರಾದ ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಬೆಳಗ್ಗೆ ತಮಗೆ ಎಣ್ಣೆ ಬಿಟ್ಟವನು ನಾನೇ. ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ... ಕಾಲೇಜಿನಲ್ಲಿ ಕಲಿಸಿದ ಅರ್ಜಿಯ ಒಕ್ಕಣೆ ಇಲ್ಲಿಯವರೆಗೆ ನೆನಪಿದೆ, ಮುಂದಿನದು ಮರೆತಿದೆ; ಆದ್ದರಿಂದ ಉಳಿದ ದೂರನ್ನು ಕನ್ನಡದಲ್ಲೇ ಸ್ವೀಕರಿಸಬೇಕಾಗಿ ವಿನಂತಿ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಹೇಳೋಣವೆಂದರೆ ತಮ್ಮ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸುವುದಿಲ್ಲ.

ತಾವು ದಯಮಾಡಿಸಿದ ದಿನ ಊಟದ ಮೇಜು ಹಿತ್ತಿಲು ಸೇರಿತು. ಅಂದಿನಿಂದ ನಾನು ಇಸ್ತ್ರಿ ಹಲಗೆಯ ಮೇಲೆ ತಟ್ಟೆ ಇಟ್ಟು ನಿಂತೇ ಉಣ್ಣುತ್ತಿದ್ದೇನೆ; ಜೀರ್ಣಕ್ಕೆ ಅದೇ ಒಳ್ಳೆಯದೆಂದು ಮಗಳ ಅಭಿಪ್ರಾಯ. ಅವಳದು ಕೌದಿಯ ಉದ್ಯೋಗ. ಜನರು ತುಂಡುಬಟ್ಟೆ ಜೋಡಿಸಿ ಮೇಲ್ಪದರ ಮಾಡಿ ತರುತ್ತಾರೆ, ಅವಳು ಅದರ ಕೆಳಗೊಂದು ಹತ್ತಿಯ ಹಾಸು, ಅದರ ಕೆಳಗೊಂದು ಅಡಿಬಟ್ಟೆ ಸೇರಿಸಿ ತಮ್ಮ ರೋಲರುಗಳಿಗೆ ಬಿಗಿಯುತ್ತಾಳೆ, ತಾವು ಮೂರನ್ನೂ ಒಂದಾಗಿಸುತ್ತ ಬಳ್ಳಿ, ಎಲೆ, ಸುರುಳಿ ಬಿಡಿಸುತ್ತ ಸಾಗುತ್ತೀರಿ. ಬಾಬಿನ್ನಿಗೆ ದಾರ ಸುತ್ತುವುದು, ಬಿದ್ದ ಸೂಜಿಯನ್ನು ಅಯಸ್ಕಾಂತದಿಂದ ಹೆಕ್ಕುವುದು ಮತ್ತು ಬಾಗಿಲು ತೆರೆಯುವುದು ನನ್ನ ಖಾತೆಗಳು.

ದೂರು ಕಳೆದ ಶನಿವಾರದ್ದು. ಅಂದು ನಾಲ್ವರು ಗಿರಾಕಿಗಳಿಗೆ ಸಂಜೆಯೊಳಗೆ ಕೊಡುವುದಾಗಿ ಮಗಳು ಮಾತು ಕೊಟ್ಟಿದ್ದಳು. ಎಂಟು ಗಂಟೆಗೇ ಬಂದ ನಿವೃತ್ತ ಹೆಡ್‌ಮಿಸ್ಟ್ರೆಸ್ಸರ ಮೇಲ್ಪದರವನ್ನು ಹಾಸಿ ನೋಡಿದರೆ ಸುತ್ತ ಹೊಲಿದ ಅಂಚುಪಟ್ಟಿಯೆಲ್ಲ ಅಲೆಅಲೆಯಾಗಿ ಎದ್ದು ನಿಂತಿತ್ತು. "ಮೇಲ್ಪದರಾನ ಅಂಚಲ್ಲಿ ಅಳೆದು ಪಟ್ಟಿ ಕತ್ತರಿಸಿದ್ದೀರಲ್ಲ ಮೇಡಂ! ಅಂಚು ಎಳೆದಷ್ಟೂ ಹಿಗ್ಗುತ್ತೆ, ಬಟ್ಟೆ ನಡುಮಧ್ಯೆ ಅಳೀಬೇಕು. ಬಿಚ್ಕೊಂಡು ಬನ್ನಿ," ಎಂದಳು ಮಗಳು. "ನಲವತ್ತು ವರ್ಷ ಮಕ್ಕಳಿಗೆ ಅಳತೆ ಕಲಿಸಿದ್ದೀನಮ್ಮ ನಾನು," ಎಂದರು ಅವರು. "ಅಳತೆ ಸರಿಯಾಗೇ ಇದೆ ಮೇಡಂ, ಟೇಪ್ ಇಟ್ಟ ಜಾಗ ತಪ್ಪು." ಸಡಿಲ ಬಟ್ಟೆ ಸಿಕ್ಕರೆ ಮಡಿಕೆ ಹಾಕಿ ಅದರ ಮೇಲೇ ಹೊಲಿದುಬಿಡುವುದು ತಮ್ಮ ಹುಟ್ಟುಗುಣವಾದ್ದರಿಂದ, ಈ ವಿಷಯದಲ್ಲಿ ಮಗಳು ಯಾರ ಮುಖವನ್ನೂ ನೋಡುವುದಿಲ್ಲ. ಹೆಡ್‌ಮಿಸ್ಟ್ರೆಸ್ಸರು ಹೊಲಿಗೆ ಬಿಚ್ಚುವ ಕೊಕ್ಕೆಯೊಂದನ್ನು ಎರವಲು ಪಡೆದು ಮನೆಗೆ ಮರಳಿದರು.

ಹೀಗೆ ಎರಡು ಗಂಟೆ ತೆರವಾಯಿತು. ಎರಡು ವರ್ಷದಿಂದ ಕಪಾಟಿನಲ್ಲಿ ಮಡಿಸಿಕೊಂಡು ಸರದಿ ಕಾಯುತ್ತಿದ್ದ ಮೇಲ್ಪದರವೊಂದನ್ನು ಮಗಳು ಹೊರತೆಗೆದಳು. ಅದು ನನ್ನ ಹೆಂಡತಿ ಹೊಲಿದ ಕಡೆಯ ವಸ್ತು. ಆಗ ಆಕೆಯ ಕೈಗೆ ಕತ್ತರಿ ಹಿಡಿಯುವ ಬಲವಿರಲಿಲ್ಲವಾಗಿ ಅಂಚುಪಟ್ಟಿಗಳನ್ನು ಅಳೆದು ಕತ್ತರಿಸಿಕೊಟ್ಟವನು ನಾನು. ಟೇಪನ್ನು ಎಲ್ಲಿಟ್ಟು ಅಳೆದೆನೆಂದು ತಾವು ಕೇಳಬಾರದು.

ತಾವಾದರೋ ಕೇಳುವ ಗೋಜಿಗೇ ಹೋಗಲಿಲ್ಲ. ರೋಲರು ಒಂದು ಸುತ್ತು ಬಿಗಿಯಾದದ್ದೇ ತಡ, ನನ್ನ ಪಟ್ಟಿ ಹೆಡ್‌ಮಿಸ್ಟ್ರೆಸ್ಸರದಕ್ಕಿಂತ ದೊಡ್ಡ ಅಲೆಗಳನ್ನು ಎಬ್ಬಿಸಿತು. ಮಗಳು ಬಗ್ಗಿ ನೋಡಿದಳು. "ಅಪ್ಪಾ, ಮೂರಿಂಚು ಜಾಸ್ತಿ ಇದೆ. ಅಮ್ಮಂಗೆ ಗೊತ್ತಾಗಿದೆ ನೋಡು. ಸಣ್ಣ ಸಣ್ಣ ನೆರಿಗೆ ಹಿಡಿದು ಹೊಲಿಗೆ ಒಳಗೇ ಮುಚ್ಚಿಟ್ಟಿದಾಳೆ."

ಮಾನ್ಯರೇ, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮಹಾತಾಯಿ ನನ್ನ ತಪ್ಪೊಂದನ್ನು ಎತ್ತಿ ಆಡದೆ ಬಿಟ್ಟ ಉದಾಹರಣೆ ಇರಲಿಲ್ಲ. ಹಾಲಿನ ಪಾತ್ರೆಗೆ ಬೇರೆ ಮುಚ್ಚಳ ಹಾಕಿದರೂ ಸುದ್ದಿ ನಾಲ್ಕು ಮನೆ ದಾಟುತ್ತಿತ್ತು. ಇದೊಂದನ್ನು ಮಾತ್ರ ನನ್ನೆದುರೇ ಕೂತು, ತುಟಿ ಬಿಚ್ಚದೆ, ಇಂಚಿಂಚಾಗಿ ಅಡಗಿಸಿ ಹೋಗಿದ್ದಳು. ಅದನ್ನು ತಾವು ಹಾಡಹಗಲಲ್ಲಿ ಮಗಳ ಮುಂದೆ ಪ್ರಕಟಿಸಿದಿರಿ. ಇಂಥ ಪ್ರಾಮಾಣಿಕತೆಗೆ ಪದಕ ಕೊಡುವವರಿದ್ದರೆ ತಮ್ಮ ಹೆಸರನ್ನೇ ಸೂಚಿಸುತ್ತೇನೆ, ಪದಕವನ್ನು ಎಲ್ಲಿ ಚುಚ್ಚಬೇಕೆಂಬುದನ್ನೂ ಸೂಚಿಸುತ್ತೇನೆ.

"ಬಿಚ್ಲಾ ಅಪ್ಪ? ಪಟ್ಟಿ ಸರಿಮಾಡಿ ನಾನೇ ಹೊಲಿದುಬಿಡ್ತೀನಿ, ಅರ್ಧ ಗಂಟೆ ಕೆಲಸ," ಎಂದು ಮಗಳು ಕೊಕ್ಕೆ ಎತ್ತಿದಳು. ನಥಿಂಗ್ ಡೂಯಿಂಗ್ ಎಂದೆ. ಬಿಚ್ಚಿದರೆ ಅಳತೆ ಸರಿಹೋಗುತ್ತದೆ, ಹೊಲಿಗೆ ಮಗಳದಾಗುತ್ತದೆ, ಅವಳಮ್ಮ ಮುಚ್ಚಿಟ್ಟದ್ದು ಕಸದ ಬುಟ್ಟಿಗೆ ಹೋಗುತ್ತದೆ. ಮಗಳು ಕೊಕ್ಕೆ ಕೆಳಗಿಟ್ಟು, ತಾನಾಗಿ ಓಡುವ ತಮ್ಮ ಕಂಪ್ಯೂಟರ್ ಬುದ್ಧಿಯನ್ನು ಬಂದ್ ಮಾಡಿ, ಹಿಡಿಕೆಗಳನ್ನು ತಾನೇ ಹಿಡಿದಳು. ನನಗೂ ಬಡ್ತಿ ಸಿಕ್ಕಿತು: ಉಬ್ಬಿದ ಬಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿಯುವ ಹುದ್ದೆ. "ಬೆರಳು ಅಪ್ಪಾ, ಬೆರಳು!" ಎಂಬ ಕೂಗಿನ ನಡುವೆ ಎರಡು ಗಂಟೆಯ ಕೆಲಸ ನಾಲ್ಕಾಯಿತು, ಬಾಗಿಲಲ್ಲಿ ಮೂವರು ಗಿರಾಕಿಗಳು ಗಂಟೆ ಒತ್ತುತ್ತಿದ್ದರು, ಯಂತ್ರ ಕೆಟ್ಟಿದೆ ಎಂದು ನಾನು ಒಳಗಿಂದಲೇ ಕೂಗಿದೆ, ಇಷ್ಟು ಜೋರಾಗಿ ಕೆಟ್ಟ ಯಂತ್ರವನ್ನು ಅವರು ಕೇಳಿರಲಿಲ್ಲ.

ಅಂಚಿನ ಅಲೆಗಳನ್ನೆಲ್ಲ ಸವರಿಕೊಂಡು ಬಂದು ಕೊನೆಯ ಮೂಲೆ ಮುಟ್ಟಿದಾಗ, ಉಳಿದ ಸಡಿಲಿಗೆ ಹೋಗಲು ಜಾಗವಿರಲಿಲ್ಲ. ತಾವು ಬೆರಳಗಲದ ಮಡಿಕೆಯೊಂದನ್ನು ಹಾಕಿ, ಅದರ ಮೇಲೆ ಸುಂದರವಾದ ಎಲೆಯೊಂದನ್ನು ಹೊಲಿದಿರಿ. ಮಗಳು ದಾರ ಕತ್ತರಿಸಿದಳು, ಮೂಗು ಒರೆಸಿಕೊಂಡಳು, ಬಾಗಿಲ ಕಡೆ ತಿರುಗಿ "ನೆಕ್ಸ್ಟ್!" ಎಂದಳು.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ಒಬ್ಬರ ತಪ್ಪನ್ನು ಇನ್ನೊಬ್ಬರು ಹೊಲಿಗೆಯಲ್ಲಿ ಮುಚ್ಚಿಟ್ಟದ್ದು ಕಂಡಾಗ ಇನ್ನಾದರೂ ತಾವು ಕಣ್ಣು ಮುಚ್ಚಿಕೊಳ್ಳಬೇಕು. ಕಣ್ಣಿಲ್ಲದಿರುವುದು ಇದಕ್ಕೆ ಅಡ್ಡಿಯಾಗಬಾರದು. ಸಾಧ್ಯವಾದರೆ ತಮ್ಮ ರೋಲರನ್ನು ಎರಡು ವರ್ಷ ಹಿಂದಕ್ಕೆ ಸುತ್ತಿ, ಯಾಕೆ ಬೈಯಲಿಲ್ಲ ಎಂದು ಆಕೆಯನ್ನು ಕೇಳಲು ನನಗೆ ಐದು ನಿಮಿಷ ದೊರಕಿಸಬೇಕು. ಅದು ನಿಯಮಗಳಲ್ಲಿಲ್ಲವಾದರೆ, ಆ ಮಡಿಕೆಯನ್ನು ಸರಿಪಡಿಸಲು ನಾಳೆ ಯಾರೇ ತಮ್ಮ ಬಳಿ ತಂದರೂ ಆ ಕ್ಷಣವೇ ತಾವು ಕೆಟ್ಟು ನಿಲ್ಲಬೇಕು.

ಅಂಚಲ್ಲಿ ಅಳೆದ ತಪ್ಪನ್ನು ಈ ಮೂಲಕ ಒಪ್ಪಿಕೊಳ್ಳುವ,
ತಮ್ಮ ವಿಶ್ವಾಸಿ

ತಾ.ಕ.: ಮಡಿಕೆ ಬೀಳುವ ಮೊದಲೇ ತಾನಾಗಿ ನಿಲ್ಲುವ ಹೊಸ ಯಂತ್ರವೊಂದು ಬಂದಿದೆಯಂತೆ. ತಮ್ಮ ಜಾಗಕ್ಕೆಂದು ಮಗಳು ತರಿಸಿದ ಅದರ ಕ್ಯಾಟಲಾಗು ಸೋಮವಾರದಿಂದ ಕಾಣೆಯಾಗಿದೆ, ಮನೆಯೆಲ್ಲ ಹುಡುಕುತ್ತಿದ್ದಾಳೆ. ನಾನು ಆ ಕೌದಿ ಹೊದ್ದು ಕ್ಯಾಟಲಾಗಿನ ಮೇಲೆ ಕೂತಿದ್ದೇನೆ. ಇದನ್ನು ತಾವು ಅಭಿಮಾನವೆಂದು ತಪ್ಪು ತಿಳಿಯಬಾರದು. ತಮ್ಮಂಥ ಬಾಯಿಬಡುಕರು ಕಣ್ಣೆದುರೇ ಇರುವುದು ಕ್ಷೇಮವೆಂದಷ್ಟೇ.