ಚಳ್ಳಕೆರೆಗೆ ಬಂದ ಮೂವಿಂಗ್ ಕಾಯಿಲ್

ಒಬ್ಬಂಟಿಯಾಗಿರೋರ ಮನೇಲಿ ಏನೂ ನಡೆಯೋದಿಲ್ಲ ಅಂತ ಸಂಸಾರಸ್ಥರು ತಿಳ್ಕೊಂಡಿರ್ತಾರೆ. ನಡೀತಾನೇ ಇರುತ್ತೆ. ಸಂಜೆ ಕೂತು ಹೇಳ್ಕೊಂಡು ನಗೋಕೆ ಎದುರಿಗೆ ಇನ್ನೊಬ್ಬರು ಇರೋದಿಲ್ಲ, ಅಷ್ಟೆ. ಅದಕ್ಕೇ ಬರೀತಿದ್ದೀನಿ.

ನಂದು ಚಳ್ಳಕೆರೆಯಲ್ಲಿ ಕನ್ನಡಕದ ಅಂಗಡಿ. ಮಂಗಳವಾರ ಮಾತ್ರ ಮೊಳಕಾಲ್ಮೂರಿಗೆ ಹೋಗಿ, ಬಸ್ ಸ್ಟ್ಯಾಂಡ್ ಹತ್ರ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಕಣ್ಣು ಪರೀಕ್ಷೆ ಮಾಡ್ತೀನಿ. ನಾನು ಮದುವೆ ಆಗಲಿಲ್ಲ. ಅಕ್ಕ ಹೈಸ್ಕೂಲಲ್ಲಿ ಮೇಡಮ್ಮು, ಅವಳೂ ಆಗಲಿಲ್ಲ. ಇಬ್ಬರೂ ಒಂದೇ ಮನೇಲಿ ಇಪ್ಪತ್ತೆಂಟು ವರ್ಷ ಜಗಳ ಆಡ್ಕೊಂಡು ಆರಾಮಾಗಿದ್ವಿ. ಎರಡು ವರ್ಷದ ಹಿಂದೆ ಅಕ್ಕ ಹೋದಳು. ಜಗಳ ನಿಂತಿತು. ಉಳಿದಿದ್ದು ಅವಳ ರೆಕಾರ್ಡ್ ಪ್ಲೇಯರು, ಒಂದು ಬೀರು ತುಂಬ ರೆಕಾರ್ಡು, ಮತ್ತೆ ನಾನು.

ಮುಳ್ಳು

ದಿನಾ ಅಂಗಡಿ ಬಾಗಿಲು ಹಾಕಿ ಬಂದ ಮೇಲೆ ಒಂದು ರೆಕಾರ್ಡು ಹಾಕಿ ಅಡಿಗೆ ಮಾಡ್ಕೊಳ್ಳೋದು ನನ್ನ ಪದ್ಧತಿ. ಹಾಡು ಕೇಳಬೇಕು ಅಂತೇನಲ್ಲ. ಒಳಗಿನ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸಿದರೆ ಸಾರಿಗೆ ಉಪ್ಪು ಸರಿಯಾಗಿ ಬೀಳ್ತಿತ್ತು.

ಪಕ್ಕದ ಮನೆ ಅಮ್ಮ ಒಳ್ಳೇವರು. ಅವರ ಯಜಮಾನರದು ಕಂಬಳಿ ವ್ಯಾಪಾರ. ಅಕ್ಕ ಹೋದ ಮೇಲೆ ತಿಂಗಳಿಗೊಂದು ಸಲ ಬೀಗದ ಕೈ ಇಸ್ಕೊಂಡು ಮನೆ ಗುಡಿಸಿ, ಧೂಳು ಹೊಡೆದು ಹೋಗ್ತಾರೆ. ಬೇಡ ಅಂದರೂ ಕೇಳೋದಿಲ್ಲ. ಒಂದಿನ ನಾನು ಬಂದು ರೆಕಾರ್ಡು ಹಾಕಿದರೆ ಕರ್ ಅಂತ ಗೀಚಿದ ಸದ್ದು ಬಂತು. ಅಂಗಡಿಯಿಂದ ಭೂತಗನ್ನಡಿ ತಂದು ನೋಡಿದೆ. ಸೂಜಿ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಪಕ್ಕದ ಮನೆಗೆ ಹೋಗಿ, "ಅಮ್ಮಾ, ಆ ಪ್ಲೇಯರ್ ಏನಾದರೂ ಮುಟ್ಟಿದ್ರಾ?" ಅಂದೆ.

"ಹೂಂ ಕಣಣ್ಣ. ಎಷ್ಟು ಧೂಳು ಐತೆ ಅದರಾಗೆ. ಅದರ ಕೈಗೆ ಒಂದು ಜಾಲಿ ಮುಳ್ಳು ಸಿಕ್ಕೊಂಡಿತ್ತು. ಕಿತ್ತು ಬಿಸಾಕ್ದೆ."

ಎಷ್ಟು ಎಚ್‌ಪಿ

ಸೂಜಿ ಕೂರೋ ಪುಟ್ಟ ಡಬ್ಬಿಗೆ ಕಾರ್ಟ್ರಿಜ್ ಅಂತಾರೆ. ನಮ್ಮದು ಎಷ್ಟು ಹಳೇದು ಅಂದರೆ ಅದಕ್ಕೆ ಸೂಜಿ ಬರೋದೇ ನಿಂತುಹೋಗಿತ್ತು. ಹೇಗೂ ಹೊಸ ಕಾರ್ಟ್ರಿಜ್ಜೇ ತಗೋಬೇಕು. ಆವಾಗ ಅಕ್ಕನ ಮಾತು ನೆನಪಾಯಿತು. "ಒಂದಿನ ಇದಕ್ಕೆ ಮೂವಿಂಗ್ ಕಾಯಿಲ್ ಹಾಕಿಸ್ಬೇಕು ಕಣೋ" ಅಂತಿದ್ದಳು, ಬೇರೆ ಹೆಂಗಸರು ಎರಡೆಳೆ ಸರ ಮಾಡಿಸ್ಬೇಕು ಅಂತಾರಲ್ಲ, ಆ ಧ್ವನಿಯಲ್ಲಿ. ಮಾಮೂಲಿ ಕಾರ್ಟ್ರಿಜ್‌ನಲ್ಲಿ ಸೂಜಿ ಜೊತೆ ಅಯಸ್ಕಾಂತ ಅಲ್ಲಾಡುತ್ತೆ. ಮೂವಿಂಗ್ ಕಾಯಿಲ್‌ನಲ್ಲಿ ಅಯಸ್ಕಾಂತ ಸುಮ್ಮನಿರುತ್ತೆ, ಕೂದಲಿಗಿಂತ ಸಣ್ಣ ತಂತಿಯ ಸುರುಳಿ ಅಲ್ಲಾಡುತ್ತೆ. ಸದ್ದು ಹೆಚ್ಚು ಬಿಡಿಬಿಡಿಯಾಗಿ ಬರುತ್ತೆ ಅಂತ ಅವಳ ನಂಬಿಕೆ. ಬೆಲೆ ಕೇಳಿ ಪ್ರತಿ ವರ್ಷ ಮುಂದಕ್ಕೆ ಹಾಕ್ತಿದ್ದಳು.

ಚಳ್ಳಕೆರೆಯಲ್ಲಿ ಇದನ್ನ ಯಾರನ್ನ ಕೇಳೋದು? ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ ಕಾರ್ಟ್ರಿಜ್ ಅಂದೆ. "ಕಪ್ಪಾ, ಕಲರ್ರಾ?" ಅಂದರು. ನೀರಿನ ಫಿಲ್ಟರ್ ಅಂಗಡಿಯವರು ತೊಡೆ ದಪ್ಪದ್ದೊಂದು ತಂದು ಮುಂದೆ ಇಟ್ಟರು. ಕೊನೆಗೆ, ಹೆಸರಲ್ಲೇ ಕಾಯಿಲ್ ಐತಲ್ಲ ಅಂತ, ಮೋಟಾರು ರೀವೈಂಡಿಂಗ್ ಮಾಡೋ ಭಾಯಿ ಹತ್ರ ಹೋದೆ. ಬೋರ್‌ವೆಲ್ ಮೋಟಾರು ಸುಟ್ಟರೆ ಸುತ್ತಲಿನ ಹತ್ತು ಹಳ್ಳಿಯವರು ಅವರ ಬಾಗಿಲಿಗೇ ಬರ್ತಾರೆ. ಅಕ್ಕನ ಮಿಕ್ಸಿಗೂ ಎರಡು ಸಲ ತಂತಿ ಸುತ್ತಿಕೊಟ್ಟಿದ್ದರು.

"ಮೂವಿಂಗ್ ಕಾಯಿಲ್ ಬೇಕಿತ್ತು ಭಾಯಿ" ಅಂದೆ.

"ಕಾಯಿಲ್ ನಮ್ದೇ ಕೆಲಸ ಸಾರ್. ಬಿಟ್ಟು ಹೋಗಿ, ನಾಳೆ ಬನ್ನಿ. ಎಷ್ಟು ಎಚ್‌ಪಿ?"

ಎಚ್‌ಪಿ ಇಲ್ಲ, ಇಡೀ ವಸ್ತುವೇ ಎಂಟು ಗ್ರಾಂ ತೂಗುತ್ತೆ ಅಂತ ವಿವರಿಸಿದೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಅವರು ಕನ್ನಡಕ ಹಣೆ ಮೇಲೆ ತಳ್ಳಿ ಬಹಳ ಹೊತ್ತು ನೋಡಿದರು. ಆ ಕನ್ನಡಕವೂ ನಮ್ಮ ಅಂಗಡಿಯದೇ, ಹತ್ತಿರದ್ದು ನೋಡೋಕೆ ಅಂತಲೇ ಮಾಡಿಕೊಟ್ಟಿದ್ದು.

"ಸುತ್ತಬಹುದು ಸಾರ್. ಆದ್ರೆ ಇದರಾಗೆ ನೀರು ಎಲ್ಲಿಂದ ಬರುತ್ತೆ?"

ಭಾನುವಾರದ ಫೋನು

ಕಡೆಗೆ ದೊಡ್ಡ ಊರಿನಲ್ಲಿ ರೆಕಾರ್ಡ್ ಪ್ಲೇಯರ್ ಸಾಮಾನು ಮಾರೋ ಒಂದು ಅಂಗಡಿಯ ನಂಬರು ಸಿಕ್ಕಿತು. ಮಾತಾಡೋರು ತಾಳ್ಮೆಯ ಮನುಷ್ಯ. ಮೊದಲ ಭಾನುವಾರ ಅವರು ಮೂವಿಂಗ್ ಕಾಯಿಲ್‌ನಲ್ಲೇ ಎರಡು ಜಾತಿ ಐತೆ ಅಂತ ತಿಳಿಸಿದರು. ಒಂದರ ಸದ್ದು ಬಹಳ ಸಣ್ಣ, ಅದನ್ನ ದೊಡ್ಡದು ಮಾಡೋಕೆ ಇನ್ನೊಂದು ಪೆಟ್ಟಿಗೆ ಬೇಕು. ಪೆಟ್ಟಿಗೆ ಬೆಲೆ ಸೂಜಿಗಿಂತ ಜಾಸ್ತಿ. ಇನ್ನೊಂದರ ಸದ್ದು ಜೋರು, ಇರೋ ಆಂಪ್ಲಿಫೈಯರಿಗೇ ಸಾಕು. ನನ್ನಂಥವರಿಗೆ ಎರಡನೇದೇ ಸರಿ.

ಅವತ್ತೇ ತಗೋಬಹುದಿತ್ತು. ಆದರೆ ಸೂಜಿ ತುದಿ ದುಂಡಗಿರಬೇಕಾ ಚಪ್ಪಟೆ ಇರಬೇಕಾ ಅನ್ನೋ ಅನುಮಾನ ಬಂತು. ಅದನ್ನ ಮುಂದಿನ ಭಾನುವಾರ ಕೇಳಿದೆ. ಅದರ ಮುಂದಿನ ಭಾನುವಾರ ಸೂಜಿ ಮೇಲೆ ಭಾರ ಎಷ್ಟು ಇಡಬೇಕು ಅಂತ ಕೇಳಿದೆ. ಆಮೇಲೆ, ಸೆಕೆಂಡ್ ಹ್ಯಾಂಡ್ ತಗೊಂಡರೆ ಹೇಗೆ ಅಂತ ಕೇಳಿದೆ. "ಮೂವಿಂಗ್ ಕಾಯಿಲ್‌ನಲ್ಲಿ ಸೂಜಿ ಒಂದೇ ಬದಲಾಯಿಸೋಕೆ ಬರಲ್ಲ ಸಾರ್, ಸೂಜಿ ಹೋದ್ರೆ ಇಡೀ ಡಬ್ಬಿ ಹೋದಂಗೆ. ಚೆನ್ನಾಗಿ ನೋಡಿ ತಗೊಳ್ಳಿ" ಅಂದರು. ನೋಡೋದು ನನ್ನ ಕಸುಬು ತಾನೇ. ಇಂಟರ್‌ನೆಟ್‌ನಲ್ಲಿ ಮಾರ್ತಿದ್ದ ಒಬ್ಬರಿಂದ ಹತ್ತಿರದ ಫೋಟೋ ತರಿಸಿ ನೋಡಿದೆ. "ಇದಕ್ಕೆ ಸೂಜಿಯೇ ಇಲ್ವಲ್ಲ" ಅಂತ ಕೇಳಿದ್ದಕ್ಕೆ ಆ ಪುಣ್ಯಾತ್ಮ, "ಅದೊಂದು ಬಿಟ್ರೆ ಉಳಿದಿದ್ದೆಲ್ಲ ಹೊಸದು ಸಾರ್" ಅಂದ.

ಹೀಗೆ ಎರಡು ತಿಂಗಳು ಹೋಯಿತು. ಶನಿವಾರ ರಾತ್ರಿಯೇ ನಾಳೆ ಏನು ಕೇಳೋದು ಅಂತ ಚೀಟಿ ಬರೆದಿಟ್ಕೊಳ್ತಿದ್ದೆ. ಅವರೂ ನಡುವೆ ತಮ್ಮ ಮಗಳ ಶಾಲೆ, ತಮ್ಮ ಮಂಡಿನೋವು ಎಲ್ಲ ಹೇಳ್ತಿದ್ದರು. ಒಂದು ಸಲ ಅವರೇ ಕೇಳಿದರು. "ಕೋಣೆಯಲ್ಲಿ ಎಷ್ಟು ಜನ ಕೂತು ಕೇಳ್ತೀರಿ ಸಾರ್?"

"ಒಬ್ಬನೇ."

"ಹಾಗಾದ್ರೆ ಕುರ್ಚಿ ಎರಡು ಸ್ಪೀಕರಿನ ಸರಿಯಾಗಿ ಮಧ್ಯಕ್ಕೆ ಹಾಕ್ಕೊಳ್ಳಿ. ಇಬ್ಬರಿದ್ರೆ ಆ ಜಾಗಕ್ಕೆ ಜಗಳ ಆಗ್ತದೆ."

ಆ ಜಾಗಕ್ಕೆ ನಾವು ಜಗಳ ಆಡಿದ್ದು ಇಷ್ಟಿಷ್ಟಲ್ಲ. ಫೋನು ಕಟ್ಟಾಯಿತೇನೋ ಅಂತ ಅವರು ಎರಡು ಸಲ ಹಲೋ ಅಂದರು.

ಒಂಬತ್ತನೇ ಭಾನುವಾರ, ರೆಕಾರ್ಡನ್ನ ಯಾವ ನೀರಿನಲ್ಲಿ ತೊಳೀಬೇಕು ಅಂತ ನಾನು ಶುರು ಮಾಡಿದ್ದೆ. ಅವರು ಮೆಲ್ಲಗೆ ತಡೆದರು.

"ಸಾರ್, ಬೇಜಾರು ಮಾಡ್ಕೋಬೇಡಿ. ಕಾರ್ಟ್ರಿಜ್ ತಗೊಂಡುಬಿಡಿ. ತಗೊಂಡ ಮೇಲೂ ನೀವು ಫೋನ್ ಮಾಡಬಹುದು."

ದಬ್ಬಣ

ಪಾರ್ಸೆಲ್ ಬಂದ ದಿನ ನಾನು ಅಂಗಡಿಯಲ್ಲಿದ್ದೆ. ಪಕ್ಕದ ಮನೆ ಅಮ್ಮ ಇಸ್ಕೊಂಡು ಇಟ್ಟಿದ್ದರು. ಪೆಟ್ಟಿಗೆ ಬಿಚ್ಚೋವಾಗ ಎದುರಿಗೇ ಕೂತರು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಸ್ಪಂಜು, ಸ್ಪಂಜಿನೊಳಗೆ ಹುಣಸೆ ಬೀಜದಷ್ಟು ವಸ್ತು.

"ಇಷ್ಟೇನಾ? ಎಷ್ಟು ಕೊಟ್ಟೆ?"

ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಹೇಳಿಸಿದರು. ಆಮೇಲೆ ಎದ್ದು ಮನೆಗೆ ಹೋಗಿ, ಕಂಬಳಿ ಹೊಲಿಯೋ ಗೇಣುದ್ದದ ದಬ್ಬಣ ತಂದು ನನ್ನ ಕೈಗಿಟ್ಟರು.

"ತಗಳಣ್ಣ. ಸೂಜಿ ಬೇಕಾದ್ರೆ ನನ್ನ ಕೇಳಬಾರ್ದಾ? ಇದು ನಮ್ಮತ್ತೆ ಕಾಲದ್ದು. ಇವತ್ತಿಗೂ ಮೊಂಡಾಗಿಲ್ಲ."

ನಾಕು ಎಳೆ

ಕಾರ್ಟ್ರಿಜ್ ಹಿಂದೆ ನಾಲ್ಕು ಕಡ್ಡಿ. ಪ್ಲೇಯರ್ ಕೈಯ ತುದಿಯಿಂದ ಬರೋ ನಾಲ್ಕು ಬಣ್ಣದ ತಂತಿ ಆ ಕಡ್ಡಿಗಳಿಗೆ ಸಿಕ್ಕಿಸಬೇಕು. ದಿನಾ ಕನ್ನಡಕದ ಸ್ಕ್ರೂ ಹಾಕೋ ನನಗೆ ಇದೇನು ದೊಡ್ಡದು ಅಂತ ಕೂತೆ. ಒಳಗಿರೋ ಅಯಸ್ಕಾಂತ ನನ್ನ ಸ್ಕ್ರೂಡ್ರೈವರನ್ನ ಟಪ್ ಅಂತ ಎಳೀತು. ಸೂಜಿಗೆ ಒಂದು ಕೂದಲೆಳೆ ದೂರದಲ್ಲಿ ಬಂದು ಅಂಟಿತು. ಸ್ಕ್ರೂಡ್ರೈವರನ್ನ ಮೆಲ್ಲಗೆ ಬಿಡಿಸಿ, ಕೆಲಸ ಅಲ್ಲಿಗೇ ನಿಲ್ಲಿಸಿದೆ. ಇದು ಮುರಿದರೆ ಅಕ್ಕನ ಆಸೆ ಇನ್ನೊಂದು ಸಲ ಮುಂದಕ್ಕೆ ಹೋಗುತ್ತೆ. ಮುಂದಕ್ಕೆ ಹಾಕೋಕೆ ಈ ಸಲ ಅವಳೂ ಇಲ್ಲ.

ಮೊಳಕಾಲ್ಮೂರಿನಲ್ಲಿ ನನ್ನ ಹತ್ರ ಕನ್ನಡಕ ಮಾಡಿಸ್ಕೊಂಡ ಒಬ್ಬರು ನೇಕಾರರಿದ್ದಾರೆ. ಅರವತ್ತು ದಾಟಿದೆ. ಮಾತಿನ ನಡುವೆ ತೆಲುಗು ಬರುತ್ತೆ. ಮಗ್ಗದ ಸದ್ದಿನಲ್ಲೇ ಆಯಸ್ಸು ಕಳೆದಿದ್ದರಿಂದ ಎದುರಿಗೆ ಕೂತವರ ಜೊತೆಗೂ ಬೀದಿ ಆಚೆಯವರ ಜೊತೆ ಮಾತಾಡೋ ಹಂಗೆ ಮಾತಾಡ್ತಾರೆ. ನಾನು ಡಾಕ್ಟರಲ್ಲ ಅಂತ ಎಷ್ಟು ಸಲ ಹೇಳಿದರೂ ಡಾಕ್ಟ್ರೇ ಅಂತಲೇ ಕರೀತಾರೆ. ಮಂಗಳವಾರ ಪ್ಲೇಯರ್ ಕೈಯ ತಲೆ ಭಾಗ ಬಿಚ್ಚಿ, ಕಾರ್ಟ್ರಿಜ್ ಸಮೇತ ಟಿಫಿನ್ ಡಬ್ಬಿಯಲ್ಲಿ ಹತ್ತಿ ತುಂಬಿ ಇಟ್ಕೊಂಡು ಬಸ್ ಹತ್ತಿದೆ. ದಾರಿಯಲ್ಲಿ ತಳಕು ಸ್ಟಾಪಿನಲ್ಲಿ ಹತ್ತಿ ಪಕ್ಕದ ಸೀಟಿಗೆ ಬಂದವರು, "ಊಟ ಬಿಸಿ ಐತಾ, ಹಂಗೆ ತಬ್ಕೊಂಡೀರಿ?" ಅಂತ ಕೇಳಿದರು.

ನನ್ನ ಕೋಣೆಗೆ ಬಂದ ನೇಕಾರರು ಡಬ್ಬಿಯೊಳಗೆ ಬಗ್ಗಿ ನೋಡಿದರು. ಬಿದಿರಿನ ಒಂದು ಸಿಬಿರು ತಗೊಂಡು, ಬರೀ ಬೆರಳಿನಲ್ಲಿ, ನಾನು ಒಂದು ಲೋಟ ಟೀ ಕುಡಿಯೋದರೊಳಗೆ ನಾಲ್ಕೂ ಸಿಕ್ಕಿಸಿ ಮುಗಿಸಿದರು.

"ಹೆದರಿಕೆ ಆಗಲಿಲ್ವಾ?" ಅಂದೆ.

"ನಾಕು ಎಳೆಗೆ ಏನು ಹೆದರಿಕೆ ಡಾಕ್ಟ್ರೇ? ನಮ್ಮ ಮಗ್ಗದಾಗೆ ನಾಕು ಸಾವಿರ ಐತೆ. ಅದರಾಗೆ ಒಂದು ಕಿತ್ತೋದ್ರೆ ಸೀರೇನೇ ಮಾತಾಡುತ್ತೆ." ಆಮೇಲೆ ಸುತ್ತ ನೋಡಿ, "ಎಲ್ಲಿ, ಹಾಡ್ಸಿ ಮತ್ತೆ" ಅಂದರು.

"ಹಾಡೋ ಪೆಟ್ಟಿಗೆ ಚಳ್ಳಕೆರೇಲಿ ಐತೆ."

"ಸರೇಲೇ. ಭಾನುವಾರ ಬರ್ತೀನಿ."

ಉಸಿರು

ಭಾನುವಾರ ಅಂತ ಯಾರಾದರೂ ನಮ್ಮನೆಗೆ ಬಂದು ಎರಡು ವರ್ಷ ಆಗಿತ್ತು. ಬೆಳಿಗ್ಗೆ ಎದ್ದು ಮನೆ ಒರೆಸಿದೆ. ಅಕ್ಕನ ಕುರ್ಚಿ ಮೇಲಿದ್ದ ಹಳೇ ಪೇಪರಿನ ರಾಶಿ ಇಳಿಸಿದೆ. ಚಿತ್ರಾನ್ನ ಮಾಡಿದೆ. ಒಬ್ಬರಿಗೆ ಅಳತೆ ಮಾಡಿ ಅಭ್ಯಾಸ, ಇಬ್ಬರಿಗೆ ಅಂತ ಹೋಗಿ ಆರು ಜನಕ್ಕೆ ಆಯಿತು. ನೇಕಾರರು ಹನ್ನೊಂದು ಗಂಟೆ ಬಸ್ಸಿಗೆ ಬಂದರು. ಸಂಕೋಚ ಇಲ್ಲದೆ ನಾಲ್ಕು ಜನರದ್ದು ತಿಂದರು. ಹಿಂದಿನ ಗೋಡೆಗೆ ಒರಗಿದ್ದ ಅಕ್ಕನ ಕುರ್ಚಿಯಲ್ಲಿ ಕಾಲು ಚಾಚಿ ಕೂತರು.

ಅಕ್ಕನಿಗೆ ಇಷ್ಟದ ರೆಕಾರ್ಡು ಹಾಕಿ, ಕೈ ಮುಗಿಯೋದೊಂದು ಬಾಕಿ, ಸೂಜಿ ಇಳಿಸಿ ನನ್ನ ಕುರ್ಚಿಗೆ ಬಂದು ಕಣ್ಣು ಮುಚ್ಚಿದೆ. ತಂಬೂರಿ ಬಂತು. ಒಂದೊಂದು ತಂತಿಯೂ ಬೇರೆ ಬೇರೆ. ಹಾಡುವ ಹೆಂಗಸು ಎದುರಿಗೇ ಕೂತ ಹಂಗಿತ್ತು. ಅಕ್ಕ ಸರಿಯಾಗೇ ಹೇಳಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನನಗೆ ಮೈ ಜುಮ್ ಅಂದಿತು. ಆಯಮ್ಮ ಉಸಿರು ಎಳೆಯೋದು ಕೇಳಿಸ್ತಿತ್ತು. ಒಳಕ್ಕೆ ಎಳೆಯೋದು, ಒಂದು ಗಳಿಗೆ ನಿಲ್ಲೋದು, ಹೊರಕ್ಕೆ ಬಿಡೋದು. ಇಷ್ಟು ವರ್ಷ ಇದೇ ರೆಕಾರ್ಡು ಕೇಳಿದ್ದೀನಿ, ಈ ಉಸಿರು ಒಂದು ದಿನವೂ ಕೇಳಿರಲಿಲ್ಲ. ಈ ಮನೆಯಲ್ಲಿ ಇನ್ನೊಬ್ಬರು ಉಸಿರಾಡೋದು ಕೇಳಿ ಎಷ್ಟು ದಿನ ಆಗಿತ್ತು ಅಂತ ಲೆಕ್ಕ ಹಾಕಿದೆ. ಕಣ್ಣು ತುಂಬಿ ಬಂತು. ಒರೆಸ್ಕೊಳ್ಳಲೂ ಇಲ್ಲ.

ಹಾಡು ಮುಗಿಯಿತು. ಪ್ಲೇಯರ್ ಕೈ ತಾನಾಗೇ ಎದ್ದು ತನ್ನ ಜಾಗಕ್ಕೆ ಹೋಗಿ ಕೂತಿದ್ದೂ ಕೇಳಿಸಿತು. ಉಸಿರು ಮಾತ್ರ ನಿಲ್ಲಲಿಲ್ಲ. ಒಳಕ್ಕೆ, ಒಂದು ಗಳಿಗೆ, ಹೊರಕ್ಕೆ. ಇಷ್ಟು ಒಳ್ಳೇ ಕಾರ್ಟ್ರಿಜ್ ಪ್ರಪಂಚದಲ್ಲಿ ಇರೋಕೆ ಸಾಧ್ಯವಿಲ್ಲ ಅಂತ ಕಣ್ಣು ಬಿಟ್ಟು ಹಿಂದೆ ತಿರುಗಿದೆ. ನೇಕಾರರು ಬಾಯಿ ತೆರೆದು, ಕೈ ಎದೆ ಮೇಲಿಟ್ಕೊಂಡು ಗಾಢ ನಿದ್ದೆಯಲ್ಲಿದ್ದರು.

ಎಬ್ಬಿಸೋಕೆ ಮನಸ್ಸು ಬರಲಿಲ್ಲ. ನಾಲ್ಕು ಗಂಟೆ ತನಕ ಹಾಗೇ ಕೂತು ಅದನ್ನೇ ಕೇಳಿದೆ. ಎಚ್ಚರ ಆದ ಮೇಲೆ, "ಹೆಂಗಿತ್ತು?" ಅಂದೆ.

"ಬಾಳ ಚೆನ್ನಾಗಿತ್ತು ಡಾಕ್ಟ್ರೇ. ನಮ್ಮನೇಲಿ ನಾಕು ಮಗ್ಗ, ಹಗಲೊತ್ತು ಹಿಂಗೆ ಕಣ್ಣು ಹತ್ತೋದೇ ಇಲ್ಲ. ಮುಂದಿನ ಭಾನುವಾರ ಉಳಿದಿದ್ದು ಕೇಳೋಣ. ದಿಂಬು ಐತಾ, ನಾನೇ ತರ್ಲಾ?"

ಐತೆ ಅಂದೆ. ಅವರನ್ನ ಬಸ್ ಹತ್ತಿಸಿ, ಹಾಗೇ ಪೇಟೆ ಮೇಲೆ ಬಂದು ಒಂದು ದಿಂಬು ಕೊಂಡ್ಕೊಂಡೆ.